ಬಾಯಿಬಡುಕಿಯ ಗಂಟಲು

ಕಾಂಪೌಂಡರ ಮನೆಯಲ್ಲಿ ಸೈನ್ಯದ ಮೆಡಲೊಂದಿದೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅದನ್ನು ಕಣ್ಣಾರೆ ಕಂಡವರು ಮಾತ್ರ ಮೂರು ಮತ್ತೊಂದು. ಬೇರೆಯವರ ಮನೆಯಲ್ಲಿ ಮಗ ಗೋಣಿಚೀಲದ ಓಟದಲ್ಲಿ ಗೆದ್ದ ತಗಡಿನ ಬಟ್ಟಲಿಗೂ ಗಾಜಿನ ಬೀರುವಿನಲ್ಲಿ ಜಾಗ ಸಿಗುತ್ತದೆ. ಇವರು ಪದಕವನ್ನು ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಉಣ್ಣೆಯ ಕಾಲುಚೀಲದೊಳಗೆ ತುರುಕಿಟ್ಟಿದ್ದರು. ಯಾರಾದರೂ ತೋರಿಸಿ ಎಂದರೆ ಬೀಗದ ಕೈ ಎಲ್ಲೋ ಬಿದ್ದುಹೋಗಿದೆ ಎನ್ನುತ್ತಿದ್ದರು. ಬೀಗದ ಕೈ ಆಗಲೂ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಜನ ಇದನ್ನು ವಿನಯ ಎಂದುಕೊಂಡರು. ತುಂಬಿದ ಕೊಡ ತುಳುಕುವುದಿಲ್ಲ ನೋಡಿ ಎಂದು ಮಕ್ಕಳಿಗೆ ಬುದ್ಧಿ ಹೇಳಿದರು. ಕೊಡದಲ್ಲಿ ತುಂಬಿರುವುದು ಏನು ಎಂದು ಯಾರೂ ಕೇಳಲಿಲ್ಲ.

ಅವರು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದವರು. ಆದರೆ ಬಂದೂಕು ಹಿಡಿದದ್ದು ತರಬೇತಿಯಲ್ಲಿ ಮಾತ್ರ. ಸೈನ್ಯದ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು. ಔಷಧಿ ಅರೆಯುವುದು, ಗಾಯ ತೊಳೆಯುವುದು, ಗೊರಸಿನ ಕೊಳೆ ಕೆತ್ತುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಈ ಊರಿಗೆ ಬಂದು ದನ, ಕುರಿ, ನಾಯಿಗಳ ಔಷಧಿಯ ಅಂಗಡಿಯಿಟ್ಟರು. ಹತ್ತಡಿ ಅಗಲದ ಅಂಗಡಿ. ಒಳಗೆ ಹೋದರೆ ಫಿನಾಯಿಲು, ಅಯೋಡಿನ್ನು ಮತ್ತು ಕಾಂಪೌಂಡರ ಮೌನ, ಮೂರೂ ಒಟ್ಟಿಗೆ ಮೂಗಿಗೆ ಹೊಡೆಯುತ್ತಿದ್ದವು. ಮನುಷ್ಯರ ಹತ್ತಿರ ಅಳೆದು ತೂಗಿ ಮಾತಾಡುವ ಇವರು, ಕಿವಿನೋವಿನ ನಾಯಿ ಬಂದರೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ಹರಟುತ್ತಿದ್ದರು. ಹೆಂಡತಿ, "ಮುಂದಿನ ಜನ್ಮದಲ್ಲಾದ್ರೂ ನಾಯಿಯಾಗಿ ಹುಟ್ತೀನಿ, ನಾಲ್ಕು ಮಾತು ಕೇಳಬಹುದು" ಎಂದು ಗಿರಾಕಿಗಳ ಎದುರೇ ಹೇಳುತ್ತಿದ್ದಳು.

ದಿನವೂ ನಾಲ್ಕು ಗಂಟೆಗೆ ಅಂಗಡಿಯ ಅರ್ಧ ಬಾಗಿಲು ಎಳೆದು ಅಂಚೆ ಕಚೇರಿಯ ಕಡೆ ನಡೆಯುತ್ತಿದ್ದರು. ಆ ಕಚೇರಿಯ ಮೆಟ್ಟಿಲ ಅಡಿಯಲ್ಲಿ ಒಬ್ಬ ಬ್ಯಾಗು ರಿಪೇರಿಯವನಿದ್ದ. ಶಾಲೆಯ ಚೀಲದ ಪಟ್ಟಿ, ಸೂಟ್‌ಕೇಸಿನ ಹಿಡಿ, ಸೊಂಟದ ಬೆಲ್ಟು, ಕಿತ್ತುಹೋದದ್ದು ಯಾವುದೇ ಇರಲಿ, ಅವನು ಹೊಲಿದರೆ ವಸ್ತು ಹರಿದೀತೇ ಹೊರತು ಹೊಲಿಗೆ ಬಿಚ್ಚುತ್ತಿರಲಿಲ್ಲ. ಊರವರಿಗೆ ಅವನು ಪಟ್ಟಿಯಣ್ಣ. ಆ ಹೊಲಿಗೆ ಅವನು ಕಲಿತದ್ದು ಜೀನು ಹೊಲಿಯುತ್ತ. ಅವನೂ ಸೈನ್ಯದವನೇ, ಹೇಸರಗತ್ತೆ ಹೊಡೆಯುವವನಾಗಿದ್ದ. ಎಡಗಾಲಿನಲ್ಲಿ ಒಂದು ಬೆರಳೂ ಇರಲಿಲ್ಲ. ಬೂಟಿನ ಮುಂಭಾಗಕ್ಕೆ ಹತ್ತಿ ತುಂಬಿ ಹಾಕಿಕೊಳ್ಳುತ್ತಿದ್ದ. ಕಾಂಪೌಂಡರು ಬರುವುದು ಕಂಡರೆ ಸಾಕು, ಅದೇ ಕಾಲಿನಿಂದ ಮೆಟ್ಟಿಲ ಕೆಳಗಿನ ಸ್ಟೂಲನ್ನು ಮುಂದಕ್ಕೆ ತಳ್ಳುತ್ತಿದ್ದ. ಬನ್ನಿ ಎನ್ನುತ್ತಿರಲಿಲ್ಲ, ಆ ಸ್ಟೂಲು ಕರಕರ ಎಂದು ಸರಿದರೆ ಬನ್ನಿ ಎಂದೇ ಅರ್ಥ. ಇಬ್ಬರೂ ಎರಡು ಲೋಟ ಟೀ ತರಿಸಿ ಕುಡಿಯುವರು. ತಿಂಗಳಿಗೊಮ್ಮೆ ಕಾಂಪೌಂಡರು ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಡೆದ ಚರ್ಮ ಕೆರೆದು ಮುಲಾಮು ಹಚ್ಚುವರು. ನೋಡಿದವರು, ಸ್ನೇಹ ಎಂದರೆ ಇದು ಎನ್ನುತ್ತಿದ್ದರು. ಕಾಂಪೌಂಡರಿಗೆ ಆ ಮಾತು ಕೇಳಿದಾಗಲೆಲ್ಲ ಮೈ ಹಿಡಿಯಷ್ಟಾಗುತ್ತಿತ್ತು. ಯಾಕೆಂದರೆ ಆ ಬೆರಳುಗಳು ಹೋಗುವುದಕ್ಕೆ ಕಾರಣ ತಾವು ಎಂಬುದು ಅವರಿಗೆ ಗೊತ್ತಿತ್ತು, ಪಟ್ಟಿಯಣ್ಣನಿಗೆ ಗೊತ್ತಿರಲಿಲ್ಲ.

ಅದನ್ನು ಹೇಳಬೇಕಾದರೆ ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು.

ಹೇಸರಗತ್ತೆಗೆ ಅಪ್ಪ ಕತ್ತೆ, ಅವ್ವ ಕುದುರೆ. ಅವ್ವನಿಂದ ಕಾಲು ಬಂದಿದೆ, ಅಪ್ಪನಿಂದ ಗಂಟಲು. ಬೆಟ್ಟದ ದಾರಿಯಲ್ಲಿ ಲಾರಿ ಹೋಗದ ಕಡೆ ಹೊರೆ ಹೊತ್ತು ಹೋಗುವುದಕ್ಕೆ ಅದರಂಥ ಪ್ರಾಣಿ ಇನ್ನೊಂದಿಲ್ಲ. ಆದರೆ ಹೊತ್ತು ಗೊತ್ತಿಲ್ಲದೆ ಬಾಯಿ ತೆಗೆದರೆ ಎರಡು ಗುಡ್ಡದಾಚೆಗೂ ಕೇಳುತ್ತದೆ. ಗುಡ್ಡದಾಚೆ ಇರುವವನು ವೈರಿಯಾದರೆ? ಹಾಗಾಗಿ ಮೇಲಿನಿಂದ ಆಜ್ಞೆ ಬಂತು: ಗಡಿಯ ಕಡೆ ಹೊರಡುವ ಅಷ್ಟೂ ಹೇಸರಗತ್ತೆಗಳ ಗಂಟಲು ಕೊಯ್ದು, ಒಳಗಿನ ಎರಡು ತೆಳು ಪೊರೆ ತೆಗೆದು, ದನಿ ಇಲ್ಲದ ಹಾಗೆ ಮಾಡಿ. ಜೀವಕ್ಕೆ ಅಪಾಯವಿಲ್ಲ, ಮೇವು ತಿನ್ನುವುದಕ್ಕೂ ತೊಂದರೆಯಿಲ್ಲ. ಕೂಗುವುದೊಂದಾಗುವುದಿಲ್ಲ, ಅಷ್ಟೆ. ಈ 'ಅಷ್ಟೆ' ಎಂಬ ಮಾತನ್ನು ಆಜ್ಞೆ ಬರೆಯುವವರು ಬಹಳ ಸಲೀಸಾಗಿ ಬರೆಯುತ್ತಾರೆ.

ಮೊದಲ ನಲವತ್ತನ್ನು ದೊಡ್ಡ ಡಾಕ್ಟರೇ ಮಾಡಿದರು. ಅವರ ಕೈ ನಡುಗುತ್ತಿತ್ತು, ಎರಡು ಪ್ರಾಣಿ ರಕ್ತ ಸೋರಿ ಸತ್ತೇ ಹೋಗುವಂತಾಗಿದ್ದವು. ನಲವತ್ತೊಂದನೆಯದರಿಂದ ಕತ್ತಿ ಕಾಂಪೌಂಡರ ಕೈಗೆ ಬಂತು. ಹುಲ್ಲು ಹಾಸಿದ ಅಂಗಳ, ಮೇಲೆ ತಾಡಪಾಲು, ನಾಲ್ಕು ಹಗ್ಗ, ಒಂದು ಎನಾಮಲ್ ತಟ್ಟೆ, ಎರಡು ಬಕೆಟ್ ಬಿಸಿನೀರು. ಮದ್ದು ಕೊಟ್ಟು ಪ್ರಾಣಿಯನ್ನು ಮಲಗಿಸಿ, ಅದರದೇ ಮೇವಿನ ಚೀಲವನ್ನು ಮಡಚಿ ಕತ್ತಿನ ಕೆಳಗೆ ದಿಂಬಿನಂತೆ ಇಡುವುದು ಇವರು ಕಂಡುಕೊಂಡ ಉಪಾಯ. ಅದರಿಂದ ಗಂಟಲು ನೇರವಾಗಿ ಮೇಲಕ್ಕೆ ಬಂದು ರಕ್ತ ಕಡಿಮೆಯಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾನೆ ಎಂದು ದೊಡ್ಡ ಡಾಕ್ಟರು ಎಲ್ಲರ ಮುಂದೆ ಹೊಗಳಿದರು. ಆಮೇಲೊಂದು ದಿನ ಕೈ ತೊಳೆಯುತ್ತ, ಸುಮ್ಮನೆ ಹೇಳಿದಂತೆ ಹೇಳಿದರು: ನಿನ್ನ ಪಾಲಿನ ಮುನ್ನೂರ ಹನ್ನೆರಡರಲ್ಲಿ ಒಂದೂ ಸಾಯದೆ, ಒಂದರ ದನಿಯೂ ಉಳಿಯದೆ ಕೆಲಸ ಮುಗಿದರೆ, ನಿನ್ನ ಹೆಸರನ್ನು ಮೆಡಲಿಗೆ ಕಳಿಸುತ್ತೇನೆ, ಯುದ್ಧಕ್ಕೆ ಹೋಗದವರಿಗೂ ಒಂದು ಮೆಡಲಿದೆ.

ಕಾಂಪೌಂಡರು ಆಸೆಬುರುಕರಲ್ಲ. ಆದರೆ ಅವರ ಅಣ್ಣ ಕಾಲಾಳು ಪಡೆಯಲ್ಲಿದ್ದವನು, ಎದೆಯ ಮೇಲೆ ಎರಡು ಪದಕ ನೇತುಹಾಕಿಕೊಂಡು ಊರಿಗೆ ಬರುತ್ತಿದ್ದ. ಮನೆಯಲ್ಲಿ ಇವರನ್ನು ಪರಿಚಯಿಸುವಾಗ, "ಇವನೂ ಸೈನ್ಯದಲ್ಲೇ ಇದ್ದಾನೆ, ಕತ್ತೆ ತೊಳೀತಾನೆ" ಎಂದು ನಗುತ್ತಿದ್ದ. ಆ ನಗು ಕೇಳಿ ಕೇಳಿ ಬೇಸತ್ತ ಮನುಷ್ಯನ ಕಿವಿಗೆ ಮೆಡಲು ಎಂಬ ಮಾತು ಹೇಗೆ ಬಿದ್ದಿರಬಹುದು, ನೀವೇ ಯೋಚಿಸಿ.

ಆಗ ಬಂದವನು ಪಟ್ಟಿಯಣ್ಣ. ಆಗಿನ್ನೂ ಇಪ್ಪತ್ತೈದರ ಹುರಿಯಾಳು. ಅವನ ಹೇಸರಗತ್ತೆಗೆ ಗೊರಸಿನ ಮೇಲೆ ಸುಟ್ಟ ನಂಬರಿತ್ತು, ಆದರೆ ಇಡೀ ಲಾಯದಲ್ಲಿ ಅವಳ ಹೆಸರು ಬಾಯಿಬಡುಕಿ. ಬೆಳಿಗ್ಗೆ ಅವನು ನೂರು ಹೆಜ್ಜೆ ದೂರದಲ್ಲಿ ಸಿಳ್ಳೆ ಹಾಕಿದರೆ ಸಾಕು, ಲಾಯದ ತಗಡು ಅದುರುವ ಹಾಗೆ ಉತ್ತರ ಕೊಡುತ್ತಿದ್ದಳು. ಎರಡು ಸಲ ಮಂಜಿನಲ್ಲಿ ದಾರಿ ತಪ್ಪಿದಾಗ ಅವಳ ಕೂಗು ಹಿಡಿದೇ ಅವನು ಅವಳನ್ನು ಸೇರಿಕೊಂಡಿದ್ದ. ಇವಳೊಬ್ಬಳ ಗಂಟಲು ಬಿಟ್ಟುಬಿಡಿ ಅಣ್ಣ, ನಾನು ಸುಮ್ಮನಿರು ಎಂದರೆ ಸುಮ್ಮನಿರುತ್ತಾಳೆ, ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿ, ಯಾರಿಗೂ ತಿಳಿಯುವುದಿಲ್ಲ ಎಂದು ಅವನು ಮೂರು ದಿನ ಹಿಂದೆಯೇ ಸುತ್ತಿದ. ಕಾಂಪೌಂಡರು ಮೂರನೆಯ ದಿನ ಹೂಂ ಎಂದರು. ಆ ಹೂಂ ಅಂದಾಗ ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಬಾಯಿಬಡುಕಿಯ ಸರದಿ ಬಂದದ್ದು ಮಧ್ಯಾಹ್ನ. ದೊಡ್ಡ ಡಾಕ್ಟರು ಊಟಕ್ಕೆ ಹೋಗಿದ್ದರು, ಹಗ್ಗ ಹಿಡಿಯುವ ಇಬ್ಬರು ಬೀಡಿ ಸೇದಲು ಎದ್ದಿದ್ದರು. ಪಟ್ಟಿಯಣ್ಣ ತಾಡಪಾಲಿನ ಪರದೆಯ ಹೊರಗೆ ನಿಂತಿದ್ದ. ಅವನ ಬೂಟುಗಳು ಕೆಳಗಿನಿಂದ ಕಾಣುತ್ತಿದ್ದವು. ನೋಡುವವರು ಒಬ್ಬರೂ ಇರಲಿಲ್ಲ. ಮೇಲಿನ ಚರ್ಮ ಕೊಯ್ದು ಹೊಲಿದು ಬಿಡಬಹುದಿತ್ತು. ಕಾಂಪೌಂಡರು ಚರ್ಮ ಕೊಯ್ದರು. ಆಮೇಲೆ ಗಡಿಯಲ್ಲಿ ಎಲ್ಲೋ ಇವಳು ಬಾಯಿ ತೆಗೆದಂತೆ, ಯಾರೋ ವರದಿ ಬರೆದಂತೆ, ಮುನ್ನೂರ ಹನ್ನೆರಡು ಹೋಗಿ ಮುನ್ನೂರ ಹನ್ನೊಂದಾದಂತೆ ಕಣ್ಣಿಗೆ ಕಟ್ಟಿತು. ಕೈ ತಾನಾಗಿ ಒಳಗೆ ಹೋಯಿತು ಎಂದು ಅವರು ಎಷ್ಟೋ ವರ್ಷ ತಮಗೆ ತಾವೇ ಹೇಳಿಕೊಂಡರು. ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಏಳು ನಿಮಿಷದಲ್ಲಿ ಎರಡು ತೆಳು ಪೊರೆ ಎನಾಮಲ್ ತಟ್ಟೆಗೆ ಬಿದ್ದವು.

ಹೊರಗೆ ಬಂದು, "ಚರ್ಮ ಅಷ್ಟೇ ಕಣೋ" ಎಂದರು. ಹೊಲಿಗೆಯ ನೋವಿಗೆ ಮೂರು ವಾರ ಅವಳಾಗಿಯೇ ಬಾಯಿ ತೆಗೆಯುವುದಿಲ್ಲ, ಹೆದರಬೇಡ ಎಂದೂ ಸೇರಿಸಿದರು. ಅವನು ಅವರ ಒದ್ದೆ ಕೈಯನ್ನೇ ಹಿಡಿದು ಹಣೆಗೆ ಒತ್ತಿಕೊಂಡ.

ಹದಿನಾರನೆಯ ದಿನ ಸಾಲು ಹೊರಟಿತು. ಪಟ್ಟಿಯಣ್ಣ ದಿನ ಎಣಿಸುತ್ತಿದ್ದ. ಇಪ್ಪತ್ತೊಂದು ದಾಟಿದ ಮೇಲೆ, ಇನ್ನು ದನಿ ಬಂದಿರುತ್ತದೆ ಎಂದು ತಿಳಿದು ದಿನಾ ಅವಳ ಕಿವಿಯಲ್ಲಿ ಬಾಯಿ ತೆರೆಯಬೇಡ ಮಾರಾಯ್ತಿ ಎಂದು ಬೇಡಿಕೊಳ್ಳುತ್ತಿದ್ದ. ಅವಳು ತುಟಿ ಪಿಟಕ್ಕೆನ್ನದೆ ನಡೆಯುತ್ತಿದ್ದಳು. ಎಂಥ ಮಾತು ಕೇಳುವ ಪ್ರಾಣಿ ಎಂದು ಅವನಿಗೆ ಹೆಮ್ಮೆಯೋ ಹೆಮ್ಮೆ. ಇಪ್ಪತ್ತನಾಲ್ಕನೆಯ ದಿನ ಮಧ್ಯಾಹ್ನ, ಕಣಿವೆಯ ತಿರುವಿನಲ್ಲಿ, ಮೂಗಿನ ಮುಂದಿನ ಕೈ ಕಾಣದಷ್ಟು ಹಿಮ ಮುಸುಕಿತು. ಹಗ್ಗ ಕಳಚಿತು. ತಿರುಗಿ ನೋಡಿದರೆ ಅವಳಿಲ್ಲ. ಅವನು ಸಾಲು ಬಿಟ್ಟು ಇಳಿದು ಸಿಳ್ಳೆ ಹಾಕಿದ. ಉತ್ತರ ಬರಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಕೂತು ಮತ್ತೆ ಮತ್ತೆ ಸಿಳ್ಳೆ ಹಾಕಿ ಕಿವಿ ನೆಟ್ಟ. ಅವಳ ದನಿ ಬರುವ ದಿಕ್ಕಿಗೆ ಹೋಗುವುದು ಎಂದು ಅವನ ಲೆಕ್ಕ. ಅವಳಿಗೆ ದನಿಯಿಲ್ಲ ಎಂದು ಗೊತ್ತಿದ್ದರೆ ಅವನು ಅಲ್ಲಿ ಕೂರುತ್ತಲೇ ಇರಲಿಲ್ಲ. ಚಳಿಗೆ ಯಾವಾಗಲೋ ಕಣ್ಣು ಮುಚ್ಚಿತು. ಕತ್ತಲಾಗುವ ಮುಂಚೆ ಅವನನ್ನು ಹುಡುಕಿ ಹೊತ್ತು ತಂದರು. ಅವಳು ಮರುದಿನ ಸಿಕ್ಕಳು. ಆ ಬಂಡೆಯಿಂದ ಇನ್ನೂರು ಹೆಜ್ಜೆ ಕೆಳಗೆ, ಎರಡು ಕಲ್ಲುಗಳ ನಡುವೆ ಕಾಲು ಸಿಕ್ಕಿಕೊಂಡು, ಹೊರೆ ಹೊತ್ತೇ ಸತ್ತಿದ್ದಳು.

ಕಾಂಪೌಂಡರು ಆಸ್ಪತ್ರೆಗೆ ನೋಡಲು ಹೋದಾಗ, ಹಿಮಕ್ಕೆ ಕೊಳೆತ ಬೆರಳುಗಳನ್ನು ಕತ್ತರಿಸಿದ್ದ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದವನು ಹೇಳಿದ್ದು ಒಂದೇ ಮಾತು. "ನೀವು ಅವಳ ಗಂಟಲು ಉಳಿಸಿಕೊಟ್ರಿ ಅಣ್ಣ. ಅವಳು ಕೂಗಿದಾಗ ನಾನು ನಿದ್ದೆ ಮಾಡ್ತಿದ್ದೆ."

ಆ ಕ್ಷಣದಲ್ಲೇ ಹೇಳಿಬಿಡಬೇಕಿತ್ತು. ಇವರು ಕಿತ್ತಳೆ ಸುಲಿಯುತ್ತ ಕೂತರು. ಮೂರು ವಾರದ ಮೇಲೆ ಮೆಡಲು ಬಂತು. 'ಒಂದು ಜೀವವನ್ನೂ ಕಳೆದುಕೊಳ್ಳದೆ, ಒಂದು ಸದ್ದನ್ನೂ ಉಳಿಸದೆ ಸಲ್ಲಿಸಿದ ವಿಶಿಷ್ಟ ಸೇವೆಗಾಗಿ' ಎಂದು ಮೈದಾನದಲ್ಲಿ ಓದಿದರು. ಅಣ್ಣ ಊರಿನಿಂದ ಬಂದು ಬೆನ್ನು ತಟ್ಟಿದ. ಅಂದು ರಾತ್ರಿಯೇ ಅದು ಕಾಲುಚೀಲದೊಳಗೆ ಸೇರಿತು.

ಆಮೇಲೆ ಹನ್ನೊಂದು ವರ್ಷ ಪಟ್ಟಿಯಣ್ಣನಿಗೆ ಕಾಗದ ಬರೆದರು, ನಿವೃತ್ತಿಯಾದ ಮೇಲೆ ನೆಂಟರೂ ಇಲ್ಲದ, ಗುರುತೂ ಇಲ್ಲದ, ಅವನೊಬ್ಬನಿದ್ದ ಈ ಊರಿಗೇ ಬಂದು ನೆಲೆಸಿದರು. ಇಪ್ಪತ್ತು ವರ್ಷ ಆ ಸ್ಟೂಲಿನ ಮೇಲೆ ಕೂತರು. ದಿನಾ ಹೇಳುತ್ತೇನೆ ಎಂದುಕೊಂಡೇ ಹೋಗುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಮೊದಮೊದಲು ಹಾಗಿತ್ತು. ಆಮೇಲೆ ಮುಲಾಮು ಹಚ್ಚುವುದೇ ಪ್ರಾಯಶ್ಚಿತ್ತ ಎಂದು ತಮ್ಮನ್ನು ತಾವೇ ಒಪ್ಪಿಸಿಕೊಂಡರು. ಅಪರಾಧಿ ಮನಸ್ಸಿನಂಥ ವಕೀಲ ಬೇರೆ ಇಲ್ಲ, ಕೇಳಿದ್ದಕ್ಕೆಲ್ಲ ವಾಯಿದೆ ಕೊಡಿಸುತ್ತದೆ.

ಹೀಗೇ ಸಾಗಿಬಿಡುತ್ತಿತ್ತೋ ಏನೋ. ಊರಿನ ಮಾಜಿ ಸೈನಿಕರ ಸಂಘದವರು ಪದಕ ಪಡೆದವರ ಬಗ್ಗೆ ಒಂದು ಪುಸ್ತಕ ತರುತ್ತೇವೆ, ಒಬ್ಬೊಬ್ಬರಿಗೆ ಎರಡೆರಡು ಪುಟ ಎಂದು ಹೊರಟರು. ಕಾಂಪೌಂಡರ ಎರಡು ಪುಟ ಬರೆಯುವ ಕೆಲಸ ಅವರ ಮಗಳಿಗೇ ಬಂತು. ಅವಳು ಹೈಸ್ಕೂಲಿನಲ್ಲಿ ಟೀಚರು. ಒಂದು ವಿಷಯ ಹಿಡಿದಳೆಂದರೆ ಬುಡ ಕೀಳುವವರೆಗೆ ಬಿಡುವವಳಲ್ಲ. ಅಪ್ಪನ ಬಾಯಲ್ಲಿ ಏನೂ ಹೊರಡದು ಎಂದು ಗೊತ್ತಿದ್ದರಿಂದ ನೇರವಾಗಿ ಅಂಚೆ ಕಚೇರಿಯ ಮೆಟ್ಟಿಲಿಗೆ ಹೋಗಿ ಪಟ್ಟಿಯಣ್ಣನ ಮುಂದೆ ಕೂತಳು.

ಸೋಮವಾರ ಸಂಜೆ ಬರೆದದ್ದನ್ನು ತಂದು ಊಟದ ಮೇಜಿನ ಮೇಲೆ ಹರಡಿ ಓದಿದಳು. ಕಾಂಪೌಂಡರು ಬ್ಯಾಂಡೇಜು ಬಟ್ಟೆಯನ್ನು ಸುರುಳಿ ಸುತ್ತುತ್ತ ಕೂತಿದ್ದರು. 'ಮುನ್ನೂರ ಹನ್ನೊಂದು ಪ್ರಾಣಿಗಳ ದನಿಯನ್ನು ಆಜ್ಞೆಯಂತೆ ತೆಗೆದ ಈ ಕೈ, ಒಬ್ಬ ಬಡ ಸವಾರನ ಕಣ್ಣೀರಿಗೆ ಕರಗಿ, ಮೆಡಲನ್ನೂ ಕೆಲಸವನ್ನೂ ಪಣಕ್ಕಿಟ್ಟು, ಒಂದು ಗಂಟಲನ್ನು ಗುಟ್ಟಾಗಿ ಉಳಿಸಿತು. ಆ ದಯೆಯೇ ಇವರ ನಿಜವಾದ ಪದಕ.' ಅದರ ಕೆಳಗೆ ಪಟ್ಟಿಯಣ್ಣನ ಮಾತು: 'ಅವಳು ಕರೆದಳು. ನಾನು ನಿದ್ದೆಗೆ ಬಿದ್ದೆ. ಆ ಪಾಪ ನನ್ನದು, ಪುಣ್ಯ ಕಾಂಪೌಂಡರಣ್ಣನದು.'

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಂಪೌಂಡರ ಕೈಯಿಂದ ಬ್ಯಾಂಡೇಜಿನ ಸುರುಳಿ ಜಾರಿ, ನೆಲದ ಮೇಲೆ ಉರುಳುತ್ತ ಬಿಚ್ಚಿಕೊಳ್ಳುತ್ತ ಬಾಗಿಲವರೆಗೂ ಹೋಯಿತು.

"ಯಾಕಪ್ಪಾ, ತಪ್ಪಿದೆಯಾ?" ಎಂದಳು ಮಗಳು.

ಅಕ್ಷರ ಚೆನ್ನಾಗಿದೆ ಎಂದು ಅವರು ಅಂದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವರು ಅದನ್ನೂ ಮಾಡದೆ ಎದ್ದು ಸುರುಳಿ ಸುತ್ತತೊಡಗಿದರು. ಶುಕ್ರವಾರ ಅಚ್ಚಿಗೆ ಹೋಗುತ್ತದೆ ಎಂದು ಮಗಳು ಹೇಳಿದಳು. ಫೋಟೋ ತೆಗೆಯಬೇಕಲ್ಲ, ಮೆಡಲಿನ ರಿಬ್ಬನ್ನು ನುಸಿ ಹಿಡಿದು ಹೋಗಿದೆ, ಅಂಗಿ ಒಗೆಯುವಾಗ ಬೀಗದ ಕೈ ಸಿಕ್ಕಿತು, ತೆಗೆದು ಪಟ್ಟಿಯಣ್ಣನಿಗೆ ಹೊಲಿಯಲು ಕೊಟ್ಟಿದ್ದೇನೆ ಎಂದು ಹೆಂಡತಿ ಹೇಳಿದಳು. ಅವನು ಎರಡು ಕೈಯಲ್ಲೂ ತೆಗೆದುಕೊಂಡನಂತೆ.

ಮಂಗಳವಾರ ನಾಲ್ಕು ಗಂಟೆಗೆ ಕಾಂಪೌಂಡರು ಹೋದರು. ಸ್ಟೂಲು ಕರಕರ ಎಂದು ಮುಂದೆ ಬಂತು. ಪಟ್ಟಿಯಣ್ಣ ಸಂಕೋಚದಿಂದ, ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ಆಡಿಬಿಟ್ಟೆ, ಈಗ ಯಾರೂ ನಿಮ್ಮ ಪೆನ್ಷನ್ನಿಗೆ ಕೈ ಹಾಕುವುದಿಲ್ಲ ಎಂದು ಧೈರ್ಯ ಮಾಡಿದೆ, ತಪ್ಪಾಯಿತೇ ಎಂದು ಕೇಳಿದ. ಕಾಂಪೌಂಡರು ಟೀ ಆರಿಹೋಯಿತು ಎಂದರು. ಬುಧವಾರ ಹೋಗಿ ಸೆಖೆ ಜಾಸ್ತಿ ಎಂದರು. ಒಂದು ಕಡೆ ಶುಕ್ರವಾರ, ಇನ್ನೊಂದು ಕಡೆ ಆ ಸ್ಟೂಲು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಸುಮ್ಮನಿದ್ದರೆ ಊರಿಗೆಲ್ಲ ದಯಾವಂತ, ಪಟ್ಟಿಯಣ್ಣ ಅಚ್ಚಾದ ಅಕ್ಷರದಲ್ಲಿ ಪಾಪಿ. ಬಾಯಿ ಬಿಟ್ಟರೆ ಇರುವ ಒಬ್ಬ ಸ್ನೇಹಿತನೂ ಇಲ್ಲ.

ಗುರುವಾರ ಬೆಳಿಗ್ಗೆ ಹೆಂಡತಿಗೆ ಹೇಳಿದರು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಔಷಧಿ ಚೀಟಿ ಓದುವವರ ಹಾಗೆ ಮೊದಲಿನಿಂದ ಕೊನೆಯವರೆಗೂ ಹೇಳಿದರು. ಅವಳು ಒಲೆ ಆರಿಸಿದಳು.

"ಅದಕ್ಕೇನಾ ಈ ಊರಿಗೆ ಬಂದಿದ್ದು?"

ಇವರು ಹೌದೆಂದು ತಲೆಯಾಡಿಸಿದರು.

"ನನ್ನ ಹತ್ರ ಯಾಕೆ ಹೇಳ್ತೀರಿ? ಆ ಹಿಮದಲ್ಲಿ ಕೂತಿದ್ದವಳು ನಾನಾ?" ಎಂದಳು. ಬೈಯಲಿಲ್ಲ, ಅಳಲಿಲ್ಲ. ಅವರ ಚಪ್ಪಲಿಯನ್ನು ತಂದು ಬಾಗಿಲ ಮುಂದೆ ಇಟ್ಟಳು.

ನಾಲ್ಕು ಗಂಟೆಯಾಗಿರಲಿಲ್ಲ, ಹನ್ನೊಂದೂ ಆಗಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ಕಂಡು ಪಟ್ಟಿಯಣ್ಣ ಬೆರಗಾದರೂ ಸ್ಟೂಲನ್ನು ತಳ್ಳಿದ. ಅವನ ತೊಡೆಯ ಮೇಲೆ ಒಂದು ಶಾಲೆಯ ಚೀಲವಿತ್ತು. ಪಕ್ಕದ ಡಬ್ಬಿಯ ಮುಚ್ಚಳದಲ್ಲಿ ಮೆಡಲು, ಅದರ ಜೊತೆ ಎಲ್ಲಿಂದಲೋ ಹುಡುಕಿ ತಂದ ಹೊಸ ರಿಬ್ಬನ್ನು. ಕಾಂಪೌಂಡರು ಕೂರಲಿಲ್ಲ.

"ಬಾಯಿಬಡುಕಿ ಕೂಗಲಿಲ್ಲ ಕಣೋ. ಅವಳಿಗೆ ದನಿಯೇ ಇರಲಿಲ್ಲ. ನಾನು ತೆಗೆದುಬಿಟ್ಟಿದ್ದೆ."

ಪಟ್ಟಿಯಣ್ಣ ಸೂಜಿ ಎಳೆಯುತ್ತಿದ್ದವನು ಎಳೆದದ್ದನ್ನು ಪೂರ್ತಿ ಎಳೆದ. ಕಾಂಪೌಂಡರು ಹೇಳುತ್ತ ಹೋದರು: ದೊಡ್ಡ ಡಾಕ್ಟರು ಆಡಿದ ಮಾತು, ಅವರು ಊಟಕ್ಕೆ ಹೋಗಿದ್ದು, ನೋಡುವವರು ಯಾರೂ ಇಲ್ಲದಿದ್ದದ್ದು, ಮೂರು ವಾರ ಎಂಬ ಸುಳ್ಳು, ಕಿತ್ತಳೆ ಹಣ್ಣು. ಮೇಲೆ ಮೆಟ್ಟಿಲಲ್ಲಿ ಜನ ಹತ್ತಿ ಇಳಿಯುವ ಸದ್ದು ಆಗುತ್ತಲೇ ಇತ್ತು. ಒಬ್ಬ ಹೆಂಗಸು ಬಂದು ಚೀಲ ಆಯಿತೇ ಎಂದು ಕೇಳಿದಳು. ಅವನು ಉಳಿದ ನಾಲ್ಕು ಹೊಲಿಗೆ ಹಾಕಿ, ದಾರ ಕಡಿದು, ಪಟ್ಟಿಯನ್ನು ಎರಡು ಸಲ ಜಗ್ಗಿ ನೋಡಿ ಕೊಟ್ಟು ಕಳಿಸಿದ.

"ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದ.

"ಏಳು ನಿಮಿಷ."

"ನಾನು ಹೊರಗೇ ನಿಂತಿದ್ದೆ."

"ನಿನ್ನ ಬೂಟು ಕಾಣ್ತಿತ್ತು."

ಪಟ್ಟಿಯಣ್ಣ ತನ್ನ ಎಡಗಾಲಿನ ಬೂಟನ್ನೇ ನೋಡುತ್ತ ಕೂತ. ಕಾಂಪೌಂಡರು, ಅವನು ಬೈಯಲಿ, ಹೊಡೆಯಲಿ, ಡಬ್ಬಿ ಎತ್ತಿ ಮುಖಕ್ಕೆ ಎಸೆಯಲಿ ಎಂದು ಕಾದರು. ಹಾಗೆ ಮಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೂವತ್ತೊಂದು ವರ್ಷ ನಾನು ಹಗಲು ಹೊತ್ತು ಮಲಗಿಲ್ಲ, ಗೊತ್ತಾ?" ಎಂದ. "ಜ್ವರ ಬಂದ್ರೂ ಮಲಗ್ತಿರಲಿಲ್ಲ. ಕಣ್ಣು ಮುಚ್ಚಿದ್ರೆ ಯಾರೋ ಕರೀತಾರೆ, ನನಗೆ ಕೇಳಿಸಲ್ಲ ಅಂತ." ಆಮೇಲೆ ದನಿ ಇನ್ನೂ ತಗ್ಗಿಸಿ ಹೇಳಿದ: "ನನ್ನ ಸಿಳ್ಳೆ ಅವಳಿಗೆ ಕೇಳಿರುತ್ತೆ ಕಾಂಪೌಂಡರ್ರೇ. ಇನ್ನೂರು ಹೆಜ್ಜೆ ಅಷ್ಟೇ ಅಲ್ವಾ. ಅವಳು ಬಾಯಿ ತೆಗೆದಿರ್ತಾಳೆ. ಪ್ರತಿ ಸಲವೂ ತೆಗೆದಿರ್ತಾಳೆ."

ಅಣ್ಣ ಎಂಬ ಮಾತು ಬಿದ್ದುಹೋಗಿತ್ತು. ಕಾಂಪೌಂಡರು ಅದನ್ನು ಗಮನಿಸಿದರು, ಆದರೆ ಅದಕ್ಕಿಂತ ದೊಡ್ಡದೊಂದು ಅವರ ಎದೆಗೆ ಬಂದು ಕೂತಿತ್ತು. ಇಷ್ಟು ವರ್ಷ ತಮ್ಮ ಸುಳ್ಳನ್ನು, ಮೋಸವನ್ನು, ಪಟ್ಟಿಯಣ್ಣನ ಕಾಲನ್ನು ಅವರು ಸಾವಿರ ಸಲ ನೆನೆದಿದ್ದರು. ಹಿಮದಲ್ಲಿ ಬಾಯಿ ತೆರೆದು ನಿಂತ ಆ ಪ್ರಾಣಿಯನ್ನು ಒಂದು ಸಲವೂ ನೆನೆದಿರಲಿಲ್ಲ. ಮೂಕಪ್ರಾಣಿಗಳ ಸೇವೆಯಲ್ಲೇ ಬದುಕಿದವರು ಎಂದು ಮಗಳು ಬರೆದಿದ್ದಳು. ಮೂಕ ಮಾಡಿದವರು ಯಾರು ಎಂದು ಬರೆದಿರಲಿಲ್ಲ.

ಪಟ್ಟಿಯಣ್ಣ ಡಬ್ಬಿಯ ಮುಚ್ಚಳವನ್ನು ಹಾಗೆಯೇ ಎತ್ತಿ, ಮೆಡಲು ಮತ್ತು ರಿಬ್ಬನ್ನನ್ನು ಒಂದು ಕಾಗದದಲ್ಲಿ ಸುತ್ತಿ ಅವರ ಕಡೆ ಚಾಚಿದ.

"ಇದನ್ನ ಬೇರೆಯವರ ಹತ್ರ ಹೊಲಿಸಿ."

ಕಾಂಪೌಂಡರು ತೆಗೆದುಕೊಂಡರು. ಹೊರಡಲು ತಿರುಗಿದಾಗ ಅವನು ಮತ್ತೆ ಕರೆದ.

"ಟೀಚರಮ್ಮನಿಗೆ ಹೇಳಿ. ನಾನು ನಿದ್ದೆ ಮಾಡಿದೆ ಅಂತ ಇರೋದನ್ನ ತೆಗೆದುಹಾಕಲಿ."

ಮಗಳಿಗೆ ಹೇಳುವುದು ಹೆಂಡತಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಕೇಳುತ್ತ ಕೇಳುತ್ತ ಕೆಂಪಾದಳು. ಹಾಗಾದರೆ ಆ ಭಾಗವನ್ನೇ ಬಿಟ್ಟುಬಿಡುತ್ತೇನೆ, ಮೆಡಲು ಬಂತು ಎಂದಷ್ಟೇ ಬರೆದು ಮುಗಿಸುತ್ತೇನೆ ಎಂದಳು. ಬೇಡ ಎಂದರು ಕಾಂಪೌಂಡರು. ಜೀವಮಾನದಲ್ಲಿ ಮೊದಲ ಸಲ ಮಗಳ ಪಕ್ಕದಲ್ಲಿ ಕೂತು, ವಾಕ್ಯ ವಾಕ್ಯವಾಗಿ ಹೇಳಿ ಬರೆಸಿದರು. ಅವಳು ನಡುವೆ ಒಂದು ಕಡೆ, ಆಜ್ಞೆಗೆ ಕಟ್ಟುಬಿದ್ದು, ಎಂದು ಸೇರಿಸಿದಳು. ಅದನ್ನು ಹೊಡೆದುಹಾಕಿಸಿದರು. ಸಂಘದ ಕಾರ್ಯದರ್ಶಿಗಳು ಹಸ್ತಪ್ರತಿ ನೋಡಿ, ಇಂಥದ್ದನ್ನೆಲ್ಲ ಯಾರಾದರೂ ಅಚ್ಚು ಹಾಕಿಸುತ್ತಾರೆಯೇ, ಸಂಘದ ಮರ್ಯಾದೆಯ ಗತಿಯೇನು ಎಂದು ಹಾರಾಡಿದರು. ಹಾಕದಿದ್ದರೆ ನನ್ನ ಎರಡು ಪುಟವೂ ಬೇಡ, ಮೆಡಲೂ ಬೇಡ, ವಾಪಸು ಕಳಿಸುತ್ತೇನೆ ಎಂದು ಕಾಂಪೌಂಡರು ಮೇಜಿನ ಮೇಲೆ ಆ ಕಾಗದದ ಪೊಟ್ಟಣ ಇಟ್ಟ ಮೇಲೆ ಕಾರ್ಯದರ್ಶಿಗಳು ತಣ್ಣಗಾದರು. ಫೋಟೋ ಮಾತ್ರ ಇಲ್ಲದೆ ಪುಟ ಅಚ್ಚಾಯಿತು.

ಪುಸ್ತಕ ಬಂದ ದಿನ ನಾಲ್ಕು ಗಂಟೆಗೆ ಒಂದು ಪ್ರತಿಯನ್ನು ಹಿಡಿದು ಅವರು ಅಂಚೆ ಕಚೇರಿಗೆ ನಡೆದರು. ನಡುವೆ ಮೂರು ವಾರ ಕಳೆದಿತ್ತು. ಅಷ್ಟೂ ದಿನ ಅವರು ಆ ಬೀದಿಯ ಕಡೆ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದರು, ಸಂಜೆ ಮುಚ್ಚುತ್ತಿದ್ದರು, ನಾಯಿಗಳ ಜೊತೆಗೂ ಮಾತಾಡುತ್ತಿರಲಿಲ್ಲ. ಪಟ್ಟಿಯಣ್ಣ ಪುಸ್ತಕ ತೆಗೆದುಕೊಂಡ, ಕನ್ನಡಕ ಮನೆಯಲ್ಲಿದೆ ಎಂದ. ಬೆಲ್ಟು ರಿಪೇರಿಗೆ ಬಂದಿದ್ದ ಬ್ಯಾಂಕಿನ ಗುಮಾಸ್ತನಿಗೆ ಕೊಟ್ಟು, ಇದನ್ನು ಸ್ವಲ್ಪ ಗಟ್ಟಿಯಾಗಿ ಓದಿ ಸ್ವಾಮಿ ಎಂದ.

ಗುಮಾಸ್ತ ಕೊನೆಯ ಸಾಲಿನವರೆಗೂ ಓದಿದ. 'ಮುನ್ನೂರ ಹನ್ನೆರಡು ಗಂಟಲುಗಳಲ್ಲಿ ಒಂದನ್ನು ಉಳಿಸುತ್ತೇನೆಂದು ಇವರು ಮಾತು ಕೊಟ್ಟಿದ್ದರು, ಉಳಿಸಲಿಲ್ಲ. ಮೆಡಲು ಆ ಲೆಕ್ಕಕ್ಕೆ ಬಂದದ್ದು. ಆ ಹೇಸರಗತ್ತೆಯ ಹೆಸರು ಬಾಯಿಬಡುಕಿ. ಹಿಮದಲ್ಲಿ ಅವಳು ಕಳೆದುಹೋದ ದಿನ ಅವಳನ್ನು ಹೊಡೆಯುವವನು ತನ್ನ ಕರ್ತವ್ಯದಲ್ಲಿ ಯಾವ ಲೋಪವನ್ನೂ ಮಾಡಲಿಲ್ಲ. ಅವನಿಗೆ ಕೇಳಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ.'

ಗುಮಾಸ್ತ ಇಬ್ಬರ ಮುಖವನ್ನೂ ನೋಡಿ, ಮುಜುಗರದಿಂದ ಪುಸ್ತಕ ಮುಚ್ಚಿದ.

"ಸರಿಯಾಗಿದೆ" ಎಂದ ಪಟ್ಟಿಯಣ್ಣ. ಪುಸ್ತಕವನ್ನು ಒರೆಸಿ ಡಬ್ಬಿಯ ಕೆಳಗೆ ಇಟ್ಟು, ಬೆಲ್ಟು ಎತ್ತಿಕೊಂಡ.

ಸ್ಟೂಲು ಮೆಟ್ಟಿಲ ಕೆಳಗೆ ಎಂದಿನ ಜಾಗದಲ್ಲೇ ಇತ್ತು. ಅದರ ಮೇಲೆ ಏನೂ ಇರಲಿಲ್ಲ. ಅವನ ಎಡಗಾಲು ಅದರ ಪಕ್ಕದಲ್ಲೇ ಇತ್ತು, ಅಲುಗಲಿಲ್ಲ. ಕಾಂಪೌಂಡರು ತಾವಾಗಿ ಎಳೆದುಕೊಂಡು ಕೂರುವುದು ಮರ್ಯಾದೆಯಲ್ಲ ಎಂದು ನಿಂತೇ ಇದ್ದರು. ಗುಮಾಸ್ತ ಬೆಲ್ಟು ತೆಗೆದುಕೊಂಡು ಹೋದ. ಬಿಸಿಲು ಮೆಟ್ಟಿಲಿನಿಂದ ಇಳಿದು ಬೀದಿಗೆ ಹೋಯಿತು. ಅಂಚೆ ಕಚೇರಿ ಮುಚ್ಚಿದಾಗ ಪಟ್ಟಿಯಣ್ಣ ಸಾಮಾನು ಕಟ್ಟಿಕೊಂಡು, ಬರುತ್ತೇನೆ ಎಂದೂ ಹೇಳದೆ, ಕುಂಟುತ್ತ ಹೊರಟ.

ಮರುದಿನವೂ ಕಾಂಪೌಂಡರು ನಾಲ್ಕು ಗಂಟೆಗೆ ಅಂಗಡಿಯ ಅರ್ಧ ಬಾಗಿಲು ಎಳೆದು, ಮುಲಾಮಿನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಅದರ ಮರುದಿನವೂ ಹೋದರು. ಈಗಲೂ ಹೋಗುತ್ತಾರೆ. ಎಪ್ಪತ್ತರ ಮನುಷ್ಯ ಒಂದು ಗಂಟೆ ಹೊತ್ತು ಹೀಗೆ ನಿಲ್ಲುವುದು ಯಾಕೆ, ಆ ಸ್ಟೂಲಿನ ಕಾಲು ಮುರಿದಿದೆಯೇ ಎಂದು ಹೋಗಿಬರುವವರು ಪಟ್ಟಿಯಣ್ಣನನ್ನು ಕೇಳುತ್ತಾರೆ. ಇಲ್ಲ, ಸ್ಟೂಲು ಗಟ್ಟಿಯಾಗೇ ಇದೆ ಎಂದು ಅವನು ಹೇಳುತ್ತಾನೆ.